ಮೈನ್‌ಕ್ರಾಫ್ಟ್, ಲುವಾಂಟಿ, ಮಣ್ಣೆತ್ತು: ನಮ್ಮನೆ ಮಕ್ಕಳಿಗೆ ಯಾವುದರಿಂದ ಏನು ಸಿಕ್ಕಿತು

ಸಣ್ಣ ಮಕ್ಕಳಿಗೆ ಮೈನ್‌ಕ್ರಾಫ್ಟ್, ಹೈಸ್ಕೂಲು ಮುಟ್ಟಿದವರಿಗೆ ಲುವಾಂಟಿ. ಕಂಪ್ಯೂಟರ್, ಟ್ಯಾಬಿನಲ್ಲಿ ಬ್ಲಾಕ್ ಜೋಡಿಸಿ ಕಟ್ಟುವ ಆಟಗಳಲ್ಲಿ ಯಾವುದು ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ಗದಗಿನ ನಮ್ಮ ಮನೆಯಲ್ಲಿ ನಾಲ್ಕನೇ ಕ್ಲಾಸಿನ ಮಗಳು ಇದ್ದಾಳೆ. ರವಿವಾರ ಬಂತೆಂದರೆ ಬೆಟಗೇರಿಯಿಂದ ಅಕ್ಕನ ಮಗ ಹಾಜರ್. ಇಬ್ಬರೂ ಎರಡನ್ನೂ ಆಡಿದ್ದಾರೆ. ಪಕ್ಕದಲ್ಲಿ ಕೂತು ನೋಡಿದ್ದೇನೆ, ಆಗಾಗ ನಾನೂ ಆಡಿದ್ದೇನೆ.

ಫೋನಿನಲ್ಲಿ ಪುಕ್ಕಟೆ ಸಿಗುವ ಒಂದು ಬ್ಲಾಕ್ ಆಟವನ್ನೂ ಹಾಕಿ ನೋಡಿದೆವು. ಹೆಸರು ಬೇಡ. ಒಂದು ಗೋಡೆ ಏಳುವಷ್ಟರಲ್ಲಿ ಎರಡು ಜಾಹೀರಾತು. ಮನೆಯ ನಕ್ಷೆಯೂ ರೆಡಿ, ಗುರುತು ಇದ್ದಲ್ಲಿ ಬೆರಳು ಒತ್ತಿದರೆ ಮುಗೀತು. ಮಗುವಿನ ತಲೆಗೆ ಅಲ್ಲಿ ಕೆಲಸವೇ ಇಲ್ಲ. ತೆಗೆದು ಹಾಕಿದೆವು.

ಮೈನ್‌ಕ್ರಾಫ್ಟ್‌ಗೆ ದುಡ್ಡು ಕೊಡಬೇಕು. ಆದರೆ ಅದರ ಕ್ರಿಯೇಟಿವ್ ಮೋಡ್ ತೆರೆದರೆ ಮುಂದೆ ವಿಶಾಲ ಜಗತ್ತು, ಬೇಕಾದಷ್ಟು ಬ್ಲಾಕು. ಲಕ್ಕುಂಡಿಯ ಮುಸುಕಿನ ಬಾವಿ (ಮೆಟ್ಟಿಲಿಳಿದು ಹೋಗುವ ಹಳೆ ಬಾವಿ) ನೋಡಿ ಬಂದ ಮೇಲೆ ಮಗಳು ಅದನ್ನೇ ಕಟ್ಟಲು ಕೂತಳು. ಆಟದಲ್ಲಿ ಒಂದು ಬ್ಲಾಕ್ ಅಂದರೆ ಒಂದು ಮೀಟರ್. ಒಂದೊಂದು ಮೆಟ್ಟಿಲಿಗೆ ಒಂದೊಂದು ಬ್ಲಾಕ್ ಇಡುತ್ತಾ ಹೋದಳು. ಬಾವಿ ವಿಪರೀತ ಆಳವಾಯಿತು. ಆಮೇಲೆ ಅರ್ಧ ಎತ್ತರದ ಸ್ಲ್ಯಾಬ್ ಹುಡುಕಿಕೊಂಡಳು, ಮೆಟ್ಟಿಲ ನಡುವಿನ ಪುಟ್ಟ ಗೂಡುಗಳಿಗೂ ಜಾಗ ಲೆಕ್ಕ ಹಾಕಿದಳು. ಅಳತೆಯ ಪಾಠ ಇದಕ್ಕಿಂತ ಚೆನ್ನಾಗಿ ಪುಸ್ತಕದಲ್ಲಿ ಹತ್ತುತ್ತದಾ? ನನಗೆ ಅನುಮಾನ.

ನೀರಿನದು ಇನ್ನೊಂದು ಕಥೆ. ಒಂದು ಬಕೆಟ್ ಸುರಿದರೆ ಸಪಾಟು ನೆಲದಲ್ಲಿ ಏಳು ಬ್ಲಾಕ್‌ವರೆಗೆ ಹರಿದು ತೆಳುವಾಗುತ್ತದೆ, ಬಾವಿ ತುಂಬುವುದಿಲ್ಲ. "ಅವ್ವಾ, ನೀರು ನಿಂದ್ರವಲ್ದು!" ಅಂತ ಒಂದೇ ರಾಗ. ಎರಡು ಬ್ಲಾಕ್ ಉದ್ದ, ಎರಡು ಬ್ಲಾಕ್ ಅಗಲದ ಗುಂಡಿಯ ಎದುರುಬದುರು ಮೂಲೆಗೆ ಒಂದೊಂದು ಬಕೆಟ್ ಸುರಿದರೆ ನೀರು ಸಮನಾಗಿ ನಿಲ್ಲುತ್ತದೆ, ಎಷ್ಟು ಮೊಗೆದರೂ ಮತ್ತೆ ತುಂಬುತ್ತದೆ. ಅದನ್ನು ನಾನು ಹೇಳಲಿಲ್ಲ. ಸುರಿದು, ಕೆಡಿಸಿ, ಮತ್ತೆ ಸುರಿದು ತಾನೇ ಕಂಡುಕೊಂಡಳು.

ಹೀಗೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡುವುದೇ ಮುಖ್ಯ ಅಂತ ನನ್ನ ಅನಿಸಿಕೆ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮೈನ್‌ಕ್ರಾಫ್ಟನ್ನು ಮನಸ್ಸಿಗೆ ಬಂದಂತೆ ಆಡಿದವರು, "ಹೊಸತೇನಾದರೂ ಮಾಡಿ" ಅಂತ ಹೇಳಿಸಿಕೊಂಡು ಆಡಿದವರಿಗಿಂತ ಆಮೇಲಿನ ಪರೀಕ್ಷೆಯಲ್ಲಿ ಹೆಚ್ಚು ಹೊಸತನ ತೋರಿದರು. ಆಡಿದವರು ಕಾಲೇಜು ಹುಡುಗರು, ನಮ್ಮ ನಾಲ್ಕನೇ ಕ್ಲಾಸಿನವರಲ್ಲ. ಆದರೂ ನಾನು "ಈಗ ಒಂದು ಗುಡಿ ಕಟ್ಟು ನೋಡೋಣ" ಅಂದಾಗಲೆಲ್ಲ ಮಗಳು ಟ್ಯಾಬ್ ಕೆಳಗಿಡುವುದು ನೋಡಿದ್ದೇನೆ.

ಸರ್ವೈವಲ್ ಮೋಡ್ ಬೇರೆ ತರಹ. ಅಲ್ಲಿ ಎಲ್ಲವನ್ನೂ ದುಡಿದೇ ತರಬೇಕು. ಒಂದು ದಿಮ್ಮಿಗೆ ನಾಲ್ಕು ಹಲಗೆ, ಒಲೆಗೆ ಎಂಟು ಕಲ್ಲು, ಒಂದು ಕಲ್ಲಿದ್ದಲಿನಲ್ಲಿ ಎಂಟು ವಸ್ತು ಬೇಯುತ್ತವೆ. ಎಂಟರ ಮಗ್ಗಿ ತಾನಾಗಿ ಬಾಯಿಗೆ ಬಂತು. ಆದರೆ ಕತ್ತಲಾದರೆ ರಾಕ್ಷಸರು ಬರುತ್ತಾರೆ, ಮಗಳಿಗೆ ಅದು ಸೇರಲಿಲ್ಲ. ಅವಳ ಅಣ್ಣನಿಗೆ, ಅಂದರೆ ನನ್ನ ಅಕ್ಕನ ಮಗನಿಗೆ, ಮಾತ್ರ ಅದೇ ಬೇಕು.

ಆ ಅಣ್ಣನಿಗಾಗಿಯೇ ಹಳೆ ಲ್ಯಾಪ್‌ಟಾಪಿಗೆ ಲುವಾಂಟಿ ಹಾಕಿದ್ದು. 2024ರವರೆಗೆ ಇದರ ಹೆಸರು ಮೈನ್‌ಟೆಸ್ಟ್. ಪೂರ್ತಿ ಪುಕ್ಕಟೆ, ಜಾಹೀರಾತಿಲ್ಲ, ಸಾಧಾರಣ ಯಂತ್ರದಲ್ಲೂ ಓಡುತ್ತದೆ. ಇಳಿಸಿಕೊಂಡ ಕೂಡಲೇ ಆಟ ಸಿಗುವುದಿಲ್ಲ. ಇದು ಆಟ ಓಡಿಸುವ ಬರೀ ಎಂಜಿನ್, ಒಳಗಿನಿಂದಲೇ ಬೇಕಾದ ಆಟ ಆರಿಸಿ ಹಾಕಿಕೊಳ್ಳಬೇಕು. ಸಣ್ಣವರಿಗೆ ಅದು ತಲೆನೋವು, ಅಂದಚಂದವೂ ಕಡಿಮೆ. ಆದರೆ ಆಟದ ಹೊಟ್ಟೆ ಬಿಚ್ಚಿ ನೋಡಬಹುದು. ಲುವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಸಾದಾ ಫೈಲುಗಳು ಅವು. ಹುಡುಗ ಒಂದರಲ್ಲಿ ಜಿಗಿತದ ಅಂಕಿ ಬದಲಿಸಿ ಆಟ ತೆರೆದ. ಅವನ ಮನುಷ್ಯ ಮಾಳಿಗೆ ದಾಟಿ ಹಾರಿದ. ಆವತ್ತು ಊಟಕ್ಕೆ ಕರೆದರೆ ಬರಲೇ ಇಲ್ಲ.

ಮೈನ್‌ಕ್ರಾಫ್ಟ್‌ನಲ್ಲೂ ತರ್ಕಕ್ಕೆ ರೆಡ್‌ಸ್ಟೋನ್ ಇದೆ, ತಂತಿಯ ಹಾಗೆ ಎಳೆಯುವ ಪುಡಿ. ಅದರ ಶಕ್ತಿ 15 ಬ್ಲಾಕ್‌ವರೆಗೆ, ಆಮೇಲೆ ಆ ಶಕ್ತಿಯನ್ನು ಮತ್ತೆ ಏರಿಸುವ ರಿಪೀಟರ್ ಬೇಕು. "ಯಾಕ ಹತ್ತವಲ್ದು ಈ ದೀಪ?" ಅಂತ ಹುಡುಗ ಬ್ಲಾಕ್ ಎಣಿಸುತ್ತಾ ಕೂತಿದ್ದ. ದೋಷ ಎಲ್ಲಿದೆ ಅಂತ ಒಂದೊಂದೇ ಕಡೆ ಹುಡುಕುವ ಅಭ್ಯಾಸ ಬಂದಿದ್ದು ಅಲ್ಲಿಂದ. ಅದಾದ ಮೇಲೆ ಕೋಡ್ ಕಂಡು ಹೆದರಲಿಲ್ಲ.

ಇಬ್ಬರೂ ಸೇರಿ ಆಡುವುದಕ್ಕೆ ಎರಡೂ ಸರಿ. ಮನೆಯ ವೈಫೈನಲ್ಲೇ ಆಡಿಸಿ, ಅಪರಿಚಿತರ ಸರ್ವರ್ ಬೇಡ. ಬಾವಿಯ ಪಕ್ಕ ಯಾರ ಮನೆ ಬರಬೇಕು ಅನ್ನುವ ಜಗಳ, ಅದರ ರಾಜಿ, ಎರಡೂ ನಮ್ಮ ಕಣ್ಣೆದುರೇ ಆಗಲಿ.

ಒಂದು ವಿಷಯದಲ್ಲಿ ಮಾತ್ರ ಎರಡೂ ಆಟ ಸೋಲುತ್ತವೆ. ಮೈನ್‌ಕ್ರಾಫ್ಟ್‌ನಲ್ಲಿ ಮರದ ಬುಡ ಕಡಿದರೂ ಮೇಲಿನ ಕಾಂಡ ಗಾಳಿಯಲ್ಲೇ ನಿಲ್ಲುತ್ತದೆ. ಮರಳು, ಜಲ್ಲಿಯಂಥ ಕೆಲವು ಬಿಟ್ಟರೆ ಯಾವುದೂ ಬೀಳುವುದಿಲ್ಲ. ಭಾರ ಅಂದರೇನು ಅಂತ ಪರದೆ ಕಲಿಸುವುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಗಳು ಎರೆಮಣ್ಣಿನಲ್ಲಿ ಎತ್ತು ಮಾಡಿದಳು. ಇಣಿ (ಬೆನ್ನ ಮೇಲಿನ ಡುಬ್ಬ) ದೊಡ್ಡದಾಯಿತು, ಹಸಿ ಕಾಲು ಬಾಗಿ ಎತ್ತು ಕುಸಿದು ಕೂತಿತು. ಕಾಲು ದಪ್ಪ ಮಾಡಿ, ಒಳಗೆ ಕಡ್ಡಿ ಸಿಕ್ಕಿಸಿ, ಇಣಿ ಸಣ್ಣದು ಮಾಡಿದಳು. ಎರಡನೇ ಎತ್ತಿಗೆ ಮೊದಲೇ ಕಡ್ಡಿ ಮುರಿದು ಇಟ್ಟುಕೊಂಡಿದ್ದಳು.