ಕಡಲಿನ ಎದುರು ಮೂರು ವರ್ಷ, ಬೆನ್ನು ಹಾಕಿ ಎರಡು ವರ್ಷ: ಊರ ನಡುವಿನ ದಂಡೆಯ ಬಾಡಿಗೆ ಮನೆ

ಊರಿನ ನಟ್ಟನಡುವೆ, ಕಡಲ ದಂಡೆಯ ಅಪಾರ್ಟ್‌ಮೆಂಟಿನಲ್ಲಿ ನನಗಿದು ಐದನೇ ವರ್ಷ. ಮೊದಲ ಮೂರು ವರ್ಷ ನೀರು ಕಾಣುವ ಮನೆಯಲ್ಲಿದ್ದೆ. ಆಮೇಲೆ ಅದೇ ಕಟ್ಟಡದ ಹಿಂಬದಿಗೆ ಬಂದೆ. ಇಲ್ಲಿ ಕಿಟಕಿ ತೆಗೆದರೆ ಪಕ್ಕದ ಗೋಡೆ ಕಾಣುತ್ತದೆ, ಅಷ್ಟೇ. ಆದರೂ ಈ ಜಾಗ ಬಿಡುವ ಮನಸ್ಸಿಲ್ಲ.

ನಾನು ಮನೆ ನೋಡಲು ಬಂದದ್ದು ಒಂದು ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ. ರಸ್ತೆ ಖಾಲಿ, ಬಾಲ್ಕನಿಯಲ್ಲಿ ತಂಗಾಳಿ. ಹತ್ತೇ ನಿಮಿಷದಲ್ಲಿ ಒಪ್ಪಿಬಿಟ್ಟೆ. ದೊಡ್ಡ ತಪ್ಪು ಮಾಡಿದೆ. ಶನಿವಾರ ರಾತ್ರಿ ಬಂದು ಅರ್ಧ ಗಂಟೆ ಕೆಳಗೆ ನಿಲ್ಲಬೇಕಿತ್ತು. ಹಾಡು, ಕೂಗಾಟ, ಬೈಕು, ನಡುರಾತ್ರಿ ಕಳೆದ ಮೇಲೆ ಖಾಲಿ ಬಾಟಲಿ ಸುರಿಯುವ ಸದ್ದು, ಬೆಳಗಿನ ಜಾವ ಕಸದ ಲಾರಿ.

ನೀರಿನ ಮೇಲೆ ಸದ್ದು ತುಂಬಾ ದೂರ ಹೋಗುತ್ತದೆ. ಮಣ್ಣು, ಗಿಡಮರಗಳ ಹಾಗೆ ನೀರು ಸದ್ದನ್ನು ಹೀರಿಕೊಳ್ಳುವುದಿಲ್ಲ. ಜೊತೆಗೆ, ನೀರಿಗೆ ತಾಗಿದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿದ್ದರೆ, ಮೇಲೆ ಹೋಗಬೇಕಾದ ಸದ್ದು ಬಾಗಿ ಕೆಳಕ್ಕೇ ಬರುತ್ತದೆ. ದೂರದ ದೋಣಿಯಲ್ಲಿ ಆಡಿದ ಮಾತು ನಾನು ಮಲಗಿದಲ್ಲಿಗೇ ಕೇಳಿಸಿದ್ದುಂಟು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆಂದು ಕೊಟ್ಟ ಮಾರ್ಗಸೂಚಿಯ ಪ್ರಕಾರ, ರಾತ್ರಿ ಮನೆಯ ಹೊರಗೆ ರಸ್ತೆ ವಾಹನಗಳ ಸದ್ದು ಸರಾಸರಿ 45 ಡೆಸಿಬಲ್ ದಾಟಬಾರದು. ಜನರ ಗದ್ದಲವೂ ಸೇರಿ ನನ್ನ ಬಾಲ್ಕನಿಯಲ್ಲಿ ಫೋನು ತೋರಿಸುತ್ತಿದ್ದದ್ದು 65ರ ಆಸುಪಾಸು. ಫೋನಿನ ಅಳತೆ ಪಕ್ಕಾ ಅಲ್ಲ, ನಿಜ. ಆದರೆ ಪ್ರತಿ 10 ಡೆಸಿಬಲ್ ಏರಿದಾಗ ಕಿವಿಗೆ ಸುಮಾರು ಎರಡರಷ್ಟು ಜೋರಾಗಿ ಕೇಳಿಸುತ್ತದೆ. ಲೆಕ್ಕ ನೀವೇ ಹಾಕಿ. ಕಿಟಕಿಗೆ ಎರಡು ಪದರದ ಗಾಜಿತ್ತು. ಮಾತು ತಡೆಯಿತು, ಸ್ಪೀಕರಿನ ದಬದಬ ತಡೆಯಲಿಲ್ಲ. ಗಾಜು ಮುಚ್ಚಿದರೆ ಗಾಳಿಯೂ ಇಲ್ಲ. ಗಾಳಿಗಾಗಿಯೇ ಬಂದವಳಿಗೆ ಅದು ಬೇಜಾರು ಅಲ್ವಾ?

ಇನ್ನು ನೋಟ. ಮನೆಯ ಮುಖ ಪಶ್ಚಿಮಕ್ಕೆ. ಸೂರ್ಯ ಕೆಳಗಿಳಿದಷ್ಟೂ ನೀರಿನಿಂದ ಹೊಡೆಯುವ ಬೆಳಕು ಜಾಸ್ತಿ. ಸಂಜೆ ಪರದೆ ಎಳೆಯದೆ ಕೂರಲು ಆಗುತ್ತಿರಲಿಲ್ಲ. ಆರು ತಿಂಗಳಾಗುವಷ್ಟರಲ್ಲಿ, ಜಾಸ್ತಿ ಬಾಡಿಗೆ ಕೊಟ್ಟು ಪಡೆದ ನೋಟದ ಮುಂದೆ ಇಡೀ ಸಂಜೆ ಪರದೆ ಮುಚ್ಚಿರುತ್ತಿತ್ತು.

ಉಪ್ಪು ಗಾಳಿ ಸುಮ್ನೆ ಬಿಡುವುದಿಲ್ಲ. ಕಿಟಕಿಯ ಕೀಲು ಬಿಗಿಯಾಯಿತು, ಎಸಿಯ ಹೊರಗಿನ ಯೂನಿಟ್ ತುಕ್ಕು ಹಿಡಿಯಿತು. ಸ್ಟೀಲ್ ಎಂದ ಮಾತ್ರಕ್ಕೆ ನಂಬಬೇಡಿ. ಸಾಮಾನ್ಯ 304 ದರ್ಜೆಯ ಸ್ಟೀಲಿಗೆ ಇಲ್ಲಿ ಕಲೆ ಬೀಳುತ್ತದೆ. 316 ದರ್ಜೆಯದರಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಇರುವುದರಿಂದ ಅದು ಉಪ್ಪನ್ನು ಹೆಚ್ಚು ತಡೆದುಕೊಳ್ಳುತ್ತದೆ. ಸಿಹಿನೀರಿನಲ್ಲಿ ಆಗಾಗ ತೊಳೆಯುತ್ತಿರಬೇಕು.

ನನ್ನನ್ನು ನಿಜವಾಗಿ ಹೆದರಿಸಿದ್ದು ಬೇಸ್‌ಮೆಂಟ್. ಎರಡನೇ ವರ್ಷ ಅಮಾವಾಸ್ಯೆಯ ದೊಡ್ಡ ಉಬ್ಬರದ ಹೊತ್ತಿಗೇ ಜೋರು ಮಳೆ ಬಂತು. ಚರಂಡಿಯ ಬಾಯಿ ಕಡಲ ನೀರಿನಲ್ಲಿ ಮುಳುಗಿದ್ದರಿಂದ ಮಳೆನೀರು ಹೊರಹೋಗಲಾರದೆ ವಾಪಸ್ ಬಂತು. ಲಿಫ್ಟಿನ ಗುಂಡಿ ತುಂಬಿ ಎರಡು ದಿನ ಲಿಫ್ಟ್ ಬಂದ್. ಏಳನೇ ಮಹಡಿಯ ಅಜ್ಜಿ ಕೆಳಗಿಳಿಯಲೇ ಇಲ್ಲ. ಅವರಿಗೆ ಔಷಧಿ ಹೊತ್ತು ಹತ್ತಿದವರು ನಾವು ಅಕ್ಕಪಕ್ಕದವರು. 1901ರಿಂದ 2018ರ ಒಳಗೆ ಪ್ರಪಂಚದ ಕಡಲ ಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ, ಈಗ ಏರುವ ವೇಗವೂ ಹೆಚ್ಚಾಗಿದೆ. ಹಾಗಾಗಿ ಬೇಸ್‌ಮೆಂಟಿಗೆ ನೀರು ಬಂದಿತ್ತಾ, ಪಂಪು ಕರೆಂಟು ಹೋದರೂ ಓಡುತ್ತದಾ, ಕರೆಂಟಿನ ಮುಖ್ಯ ಪ್ಯಾನೆಲ್ ಎಲ್ಲಿದೆ ಎಂದು ಕೇಳಿ. ಕೇಳಬೇಕಾದದ್ದು ಮನೆ ತೋರಿಸುವವರನ್ನಲ್ಲ, ಕಾವಲುಗಾರರನ್ನು. ಅವರಿಗೆ ಎಲ್ಲ ಗೊತ್ತಿರುತ್ತದೆ.

ಇಷ್ಟೆಲ್ಲ ಆದ ಮೇಲೂ ಯಾಕೆ ಇದ್ದೇನೆ? ಕಾಲ್ನಡಿಗೆಗಾಗಿ. ಆಫೀಸು ಹನ್ನೆರಡು ನಿಮಿಷ. ದವಾಖಾನೆ, ಲೈಬ್ರರಿ, ರೈಲು ಎಲ್ಲ ನಡೆದೇ. ಕಾರು ಮಾರಿಬಿಟ್ಟೆ. ಮೆರವಣಿಗೆ, ಓಟದ ದಿನ ರಸ್ತೆ ಮುಚ್ಚಿದಾಗ ಕಾರಿದ್ದವರ ಪಾಡು ನೋಡಿದರೆ ಪಾಪ ಅನ್ನಿಸುತ್ತದೆ. ಬೆಳಗಿನ ಆರಕ್ಕೆ ದಂಡೆಯಲ್ಲಿ ಬೆರಳೆಣಿಕೆಯ ಜನ. ಬೇಸಿಗೆಯ ಮಧ್ಯಾಹ್ನ ನೆಲ ಕಾದು ಬಿಸಿಗಾಳಿ ಮೇಲೆದ್ದಾಗ, ಆ ಜಾಗಕ್ಕೆ ಕಡಲಿನ ತಂಪು ನುಗ್ಗಿ ಬರುತ್ತದೆ. ಆಗ ಕೆಳಗೆ ಹೋಗಿ ಹತ್ತು ನಿಮಿಷ ಕೂತರೆ ಸಾಕು, ಜೀವ ಹಗುರಾಗುತ್ತದೆ.

ಹಿಂಬದಿಗೆ ಬಂದ ಮೇಲೆ ಬಾಡಿಗೆ ಇಳಿಯಿತು, ನಿದ್ದೆ ಬಂತು. ನೀರು ಮಾತ್ರ ಮೊದಲಿನಷ್ಟೇ ಹತ್ತಿರ, ಲಿಫ್ಟಿಳಿದು ಮೂರು ನಿಮಿಷ. ಹಸುಗೂಸು ಇರುವವರು, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು, ದಿನವೂ ಕಾರು ತೆಗೆಯಲೇಬೇಕಾದವರು ಇಲ್ಲಿಗೆ ಬರಬೇಡಿ ಎಂದೇ ಹೇಳುತ್ತೇನೆ. ಉಳಿದವರು ಬನ್ನಿ. ಮಲಗುವ ಕೋಣೆ ಮಾತ್ರ ಕಡಲಿಗೆ ಬೆನ್ನು ಹಾಕಿರಲಿ. ನನ್ನ ಕರಾರು ಮುಂದಿನ ತಿಂಗಳು ಮುಗಿಯುತ್ತದೆ. ಮುಂಬದಿಯಲ್ಲಿ ಒಂದು ಮನೆ ಖಾಲಿಯಿದೆ, ಬೇಕಾ ಎಂದು ಮಾಲೀಕರು ಕೇಳಿದರು. ಬೇಡ, ಇದನ್ನೇ ಮುಂದುವರಿಸಿ ಎಂದೆ.