250 ಹೇಳುವ ಮುಂಚೆನಾ, ಹೇಳಿದ ಮೇಲಾ? ಬರುವ ಮೇಲ್‌ಗೆ ಬೀಗ ಹಾಕಲು ನಾನು ನೋಡಿದ ಮೂರು ದಾರಿ

ಪೋಸ್ಟ್‌ಫಿಕ್ಸ್ (ಮೇಲ್ ಬರಮಾಡಿಕೊಳ್ಳುವ ಪ್ರೋಗ್ರಾಂ), ಡವ್‌ಕಾಟ್ (ಅದನ್ನು ಇನ್‌ಬಾಕ್ಸ್‌ನಲ್ಲಿಟ್ಟು ಓದಲು ಕೊಡುವ ಪ್ರೋಗ್ರಾಂ) ಇರುವ ಒಂದು ಸಣ್ಣ ಮೇಲ್ ಸರ್ವರ್ ನೋಡಿಕೊಳ್ಳುತ್ತೇನೆ. ಮೇಲ್ ತಂದ ಸರ್ವರ್‌ಗೆ ನಮ್ಮದು 250 ಅಂದರೆ 'ಒಪ್ಪಿಕೊಂಡೆ, ಇನ್ನು ನನ್ನ ಜವಾಬ್ದಾರಿ' ಅಂತ ಅರ್ಥ. ಡಿಸ್ಕ್ ಯಾರ ಕೈಗೆ ಸಿಕ್ಕರೂ ಮೇಲ್ ಓದಲು ಆಗಬಾರದು, ಇಷ್ಟೇ ನನ್ನ ಆಸೆ. ಸರ್ವರ್‌ಗಳ ನಡುವಿನ ಸಂಪರ್ಕಕ್ಕೆ ಬೀಗ ಹಾಕುವ ಸ್ಟಾರ್ಟ್‌ಟಿಎಲ್‌ಎಸ್ ದಾರಿಯಲ್ಲಿ ಮಾತ್ರ ಕಾಯುತ್ತದೆ. ಮೇಲ್ ಬರುವ ಬಾಗಿಲು, 25ನೇ ಪೋರ್ಟ್ ದಾಟಿ ಒಳಗೆ ಬಂದ ಮೇಲೆ ಮೇಲ್ ಬೆತ್ತಲೆ.

ಮೊದಲು ಹಾಕಿದ್ದು ಡವ್‌ಕಾಟ್‌ನ ಮೇಲ್‌-ಕ್ರಿಪ್ಟ್ ಪ್ಲಗಿನ್. ಮೂರರಲ್ಲಿ ಇದೇ ಸುಲಭ. ಒಬ್ಬೊಬ್ಬರಿಗೂ ಒಂದು ಜೋಡಿ ಕೀ. ಬಂದ ಮೇಲ್ ಪಬ್ಲಿಕ್ ಕೀಯಿಂದ ಲಾಕ್ ಆಗುತ್ತದೆ, ಅದನ್ನು ತೆರೆಯುವ ಪ್ರೈವೇಟ್ ಕೀಗೆ ಅವರವರ ಪಾಸ್‌ವರ್ಡ್ ಬೀಗ. ಬಳಸುವವರಿಗೆ ಏನೂ ಗೊತ್ತಾಗಲ್ಲ, ಹುಡುಕಾಟವೂ ಮೊದಲಿನ ಹಾಗೇ ನಡೆಯುತ್ತದೆ. ಆದರೆ ಲಾಗಿನ್ ಆದಾಗ ಕೀ ತೆರೆಯುವುದು ಸರ್ವರ್ ಮೆಮೊರಿಯಲ್ಲೇ, ಅಂದರೆ ಸರ್ವರನ್ನು ನಂಬಲೇಬೇಕು. (ಲಾವಾಬಿಟ್ ಅನ್ನುವ ಅಮೆರಿಕದ ಮೇಲ್ ಸೇವೆಯ ಬೀಗವೂ ಹೆಚ್ಚುಕಮ್ಮಿ ಈ ಜಾತಿಯದೇ. 2013ರಲ್ಲಿ ಅಮೆರಿಕದ ಸರ್ಕಾರ ಅವರ ಸಂಪರ್ಕಕ್ಕೆ ಬೀಗ ಹಾಕುವ ಟಿಎಲ್‌ಎಸ್ ಕೀಯನ್ನೇ ಕೇಳಿತು, ಮಾಲೀಕರು ಸೇವೆಯನ್ನೇ ಮುಚ್ಚಿದರು.) ಒಂದು ಟೆಸ್ಟ್ ಖಾತೆಯ ಪಾಸ್‌ವರ್ಡನ್ನು ಸುಮ್ನೆ ಡೇಟಾಬೇಸ್‌ನಲ್ಲಿ ಬದಲಿಸಿದೆ, ಕೀ ಹಳೇ ಪಾಸ್‌ವರ್ಡ್ ಬೀಗದಲ್ಲೇ ಉಳಿದು ಹಳೇ ಮೇಲ್ ಒಂದೂ ತೆರೆಯಲಿಲ್ಲ.

ನನ್ನನ್ನು ಕಾಡಿದ್ದು ಬೇರೆ. ಡವ್‌ಕಾಟ್ ನಿಲ್ಲಿಸಿ, ಒಂದು ಮೇಲ್ ಕಳಿಸಿ, ಪೋಸ್ಟ್‌ಫಿಕ್ಸ್‌ನ ಕ್ಯೂನಲ್ಲಿ (ಡೆಲಿವರಿಗೆ ಕಾಯುವ ಸಾಲಿನಲ್ಲಿ) ಕೂತಿದ್ದ ಫೈಲನ್ನು ಪೋಸ್ಟ್‌ಕ್ಯಾಟ್ ಅನ್ನುವ ಅದರದೇ ಸಾಧನದಲ್ಲಿ ತೆರೆದರೆ ಇಡೀ ಪತ್ರ ಕಣ್ಣೆದುರು! ಡೆಲಿವರಿ ಆಗದಿದ್ದರೆ ಅದು 5 ದಿನದವರೆಗೂ ಹಾಗೇ ಇರಬಹುದು, ಪೋಸ್ಟ್‌ಫಿಕ್ಸ್‌ನ ಡಿಫಾಲ್ಟ್ ಅಷ್ಟು. ಕ್ಯೂವನ್ನು ರ‍್ಯಾಮ್‌ನಲ್ಲಿ ಇಡೋಣ ಅನ್ನಿಸಿತು. ಕರೆಂಟ್ ಹೋದರೆ? 250 ಅಂತ ಒಪ್ಪಿಕೊಂಡ ಮೇಲ್ ಕಳೆದುಹಾಕಿದ ಪಾಪ ನಮ್ಮದೇ.

ಎರಡನೆಯದು, ಡೆಲಿವರಿ ಹೊತ್ತಿಗೆ ಸೀವ್ (ಬಂದ ಮೇಲನ್ನು ಏನು ಮಾಡಬೇಕು ಅಂತ ಹೇಳುವ ನಿಯಮಗಳು) ಫಿಲ್ಟರ್‌ನಿಂದ ಜಿಪಿಜಿ (ಇಂಥ ಜೋಡಿ ಕೀಯಿಂದ ಬೀಗ ಹಾಕುವ ಪ್ರೋಗ್ರಾಂ) ಓಡಿಸುವುದು. ಪ್ರೈವೇಟ್ ಕೀ ಸರ್ವರ್‌ನಲ್ಲಿ ಇರುವುದೇ ಇಲ್ಲ, ಅದಕ್ಕೆ ಖುಷಿಯಾಗಿತ್ತು. ಆಮೇಲೆ ನನ್ನ ಕೀ ಅವಧಿ ಮುಗಿಯಿತು. ಜಿಪಿಜಿ ಆಗಲ್ಲ ಅಂದಿತು, ಸ್ಕ್ರಿಪ್ಟ್ ಬಿದ್ದಿತು, ಸೀವ್ ತನ್ನ ನಿಯಮದಂತೆ ಮೇಲನ್ನು ಇದ್ದ ಹಾಗೇ ಇನ್‌ಬಾಕ್ಸ್‌ಗೆ ಹಾಕಿತು. ಸದ್ದೇ ಇಲ್ಲ. ಎರಡು ದಿನದ ಮೇಲೆ, ಪಾಸ್‌ಫ್ರೇಸ್ ಕೇಳದೆ ಮೇಲ್ ತೆರೆಯುತ್ತಿದೆಯಲ್ಲ ಅಂತ ಅನುಮಾನ ಬಂದಾಗಲೇ ಗೊತ್ತಾಗಿದ್ದು. ಸೀವ್ ತಪ್ಪಲ್ಲ ಅದು. ಮೇಲ್ ಕಳೆಯಬಾರದು ಅನ್ನುವುದು ಅದರ ಧರ್ಮ, ಬೆತ್ತಲೆ ಮೇಲ್ ಉಳಿಯಬಾರದು ಅನ್ನುವುದು ನನ್ನ ಹಟ.

ಹಾಗಾಗಿ ಮೂರನೆಯದು: ಕ್ಯೂಗೆ ಹೋಗುವ ಮುಂಚೆಯೇ, ಪ್ರಾಕ್ಸಿ ಫಿಲ್ಟರ್‌ನಲ್ಲಿ (ಮೇಲ್ ಒಳಬರುವಾಗಲೇ ನಡುವೆ ನಿಲ್ಲುವ ಪ್ರೋಗ್ರಾಂನಲ್ಲಿ) ಎನ್‌ಕ್ರಿಪ್ಟ್, ಅಂದರೆ ಬೀಗ. ಕೆಟ್ಟರೆ 451 (ಈಗ ಆಗಲ್ಲ, ಆಮೇಲೆ ಬನ್ನಿ) ಅನ್ನುತ್ತೇನೆ, ಕಳಿಸಿದ ಸರ್ವರ್ ತನ್ನ ಹತ್ತಿರವೇ ಇಟ್ಟುಕೊಂಡು ಮತ್ತೆ ಬರುತ್ತದೆ. 250 ಹೇಳುವ ತನಕ ಮೇಲ್ ಅವರ ಜವಾಬ್ದಾರಿ ಅಲ್ವಾ? ಅವರು ಕಾಯಬೇಕಾಗುತ್ತದೆ ನಿಜ. ಆದರೆ ಪತ್ರ ಮುಗಿಯಿತು ಅನ್ನುವ ಕೊನೆಯ ಚುಕ್ಕೆಯ ನಂತರ 10 ನಿಮಿಷ ಕಾಯಿರಿ ಅಂತ ಮೇಲ್ ಕಳಿಸುವ ನಿಯಮಗಳ ದಾಖಲೆ ಆರ್‌ಎಫ್‌ಸಿ 5321 ಹೇಳುತ್ತದೆ, ಜಿಪಿಜಿಗೆ ಅದು ಬೇಕಾದಷ್ಟಾಯಿತು. ತಾಪತ್ರಯ ಇರುವುದು ಕೆಲಸದ ಸಾಲಿನಲ್ಲಿ. ಡಿಕೆಐಎಂ ಪರೀಕ್ಷೆ (ಕಳಿಸಿದ ಡೊಮೇನ್‌ನ ಸಹಿ ನೋಡುವುದು), ಸ್ಪ್ಯಾಮ್ ಪರೀಕ್ಷೆ ಎರಡೂ ಎನ್‌ಕ್ರಿಪ್ಟ್‌ಗಿಂತ ಮೊದಲೇ ಆಗಬೇಕು, ಯಾಕೆಂದರೆ ಮೇಲ್‌ನ ಒಡಲು ಬದಲಾದ ಮೇಲೆ ಸಹಿ ಹೊಂದುವುದಿಲ್ಲ, ಸ್ಪ್ಯಾಮ್ ಫಿಲ್ಟರ್‌ಗೂ ಓದಲು ಏನೂ ಸಿಗುವುದಿಲ್ಲ. ಆಗಲೇ ಎನ್‌ಕ್ರಿಪ್ಟ್ ಆಗಿ ಬಂದದ್ದನ್ನು ಮುಟ್ಟದೆ ಬಿಡಬೇಕು. ಇಷ್ಟೆಲ್ಲ ಮಾಡಿದರೂ ಸಬ್ಜೆಕ್ಟ್ ಸಾಲು ಬಯಲಲ್ಲೇ ಇರುತ್ತದೆ, ಸರ್ವರ್‌ನಲ್ಲಿ ಒಳಗಿನ ಮಾತು ಹುಡುಕಲು ಆಗಲ್ಲ, ಫೋನಿಗೂ ಕೀ ಹಾಕಬೇಕು.

ಕೊನೆಗೆ ಸ್ವಂತ ಕೀ ಇಟ್ಟುಕೊಂಡವರಿಗೆ ಮೂರನೆಯದು, ಉಳಿದವರಿಗೆ ಮೇಲ್‌-ಕ್ರಿಪ್ಟ್, ಕ್ಯೂ ಇರುವ ಪಾರ್ಟಿಶನ್‌ಗೆ ಲಕ್ಸ್ (ಡಿಸ್ಕ್‌ನ ಆ ಭಾಗಕ್ಕೇ ಬೀಗ). ಸೀವ್ ದಾರಿ ಬಿಟ್ಟೆ. ಕೀ ಅವಧಿ ಮುಗಿಯಲು 30 ದಿನ ಇರುವಾಗಲೇ ಕೂಗುವ ಒಂದು ಕ್ರಾನ್ (ಹೊತ್ತಿಗೆ ಸರಿಯಾಗಿ ತಾನಾಗೇ ಓಡುವ ಕೆಲಸ) ಕೂಡ ಹಾಕಿದ್ದೇನೆ. ಮೊದಲ ಕೂಗು ನನ್ನದೇ ಇನ್ನೊಂದು ಕೀಗೆ ಬಂತು.