ಆಂಕಿ: ನಡುವಯಸ್ಸಿನಲ್ಲಿ ಉರ್ದು ಲಿಪಿ ಕಲಿಸಿದ ತಂತ್ರಾಂಶ, ಹಲವು ವರ್ಷಗಳ ಬಳಕೆಯ ನಂತರ

ಕಲಬುರಗಿಯಲ್ಲಿ ಸಿವಿಲ್ ದಾವೆ ನಡೆಸುವ ವಕೀಲರ ಕೈಗೆ ಉರ್ದುವಿನಲ್ಲಿ ಬರೆದ ಹಳೆಯ ಕಾಗದ ಒಂದಿಲ್ಲೊಂದು ದಿನ ಬಂದೇ ಬರುತ್ತದೆ. 1948ರವರೆಗೆ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ಕಂದಾಯದ ದಾಖಲೆ, ಕ್ರಯಪತ್ರ, ಡಿಕ್ರಿಗಳು ಬಹುಮಟ್ಟಿಗೆ ಆ ಭಾಷೆಯಲ್ಲೇ ಇವೆ. ನಮ್ಮೂರಿನ ಅನೇಕರಂತೆ ನನಗೂ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಒಂದು ಹೆಸರಿನ ಮೇಲೆ, ಒಂದು ಚಕ್ಕುಬಂದಿಯ (ಜಮೀನಿನ ಎಲ್ಲೆಯ ವಿವರದ) ಮೇಲೆ ಇಡೀ ದಾವೆಯೇ ನಿಂತಿರುವಾಗ ಮೂಲವನ್ನು ಬಿಟ್ಟು ಅನುವಾದವನ್ನಷ್ಟೇ ಓದಿ ವಾದಿಸುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಹೀಗಾಗಿ ನಲವತ್ತೈದು ದಾಟಿದ ಮೇಲೆ ಲಿಪಿ ಕಲಿಯಲು ಕುಳಿತೆ. ಅದಕ್ಕೆ ಬಳಸಿದ್ದು ಆಂಕಿ ಎಂಬ ತಂತ್ರಾಂಶ. ಇಂದಿಗೂ ಅದನ್ನು ದಿನವೂ ತೆರೆಯುತ್ತೇನೆ.

ಆಂಕಿ 2006ರಿಂದ ಬಳಕೆಯಲ್ಲಿದೆ. ಕಂಪ್ಯೂಟರಿಗೂ ಆಂಡ್ರಾಯ್ಡ್ ಫೋನಿಗೂ ಉಚಿತ. ಐಫೋನಿಗೆ ಮಾತ್ರ ಒಮ್ಮೆ ಹಣ ಕೊಡಬೇಕು. ಕಲಿಯಬೇಕಾದದ್ದನ್ನು ಪರದೆಯ ಮೇಲಿನ ಕಾರ್ಡುಗಳಲ್ಲಿ ಬರೆದುಕೊಳ್ಳುತ್ತೇವೆ: ಮುಂಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಉತ್ತರ. ಉತ್ತರ ನೆನಪಾದರೆ ಅದೇ ಕಾರ್ಡು ಕೆಲವು ದಿನ ಬಿಟ್ಟು, ಆಮೇಲೆ ವಾರಗಳು, ತಿಂಗಳುಗಳು ಕಳೆದು ಮರಳಿ ಬರುತ್ತದೆ. ಮರೆತಿದ್ದರೆ ಅಂತರ ಮತ್ತೆ ಕುಗ್ಗುತ್ತದೆ. ಕಲಿತದ್ದು ಮೊದಮೊದಲು ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಆ ಮರೆವಿನ ಅಂಚಿಗೆ ಸರಿಯಾಗಿ ಪ್ರಶ್ನೆಯನ್ನು ಮುಂದಿಡುವುದೇ ಈ ತಂತ್ರಾಂಶದ ಕೆಲಸ.

ಬಿಡುವೇ ಇಲ್ಲದ ವಯಸ್ಸಿಗೆ ಇದು ಹೇಗೆ ಹೊಂದುತ್ತದೆ ಎಂಬುದನ್ನು ನಮ್ಮ ಕೋರ್ಟಿನ ವರಾಂಡದಲ್ಲಿ ನಿಂತವರು ಬಲ್ಲರು. ನಮ್ಮ ಕೇಸು ಕೂಗುವುದು ಯಾವಾಗ ಎಂಬ ಖಾತ್ರಿಯಿಲ್ಲ; ಪುಸ್ತಕ ತೆರೆದು ಕೂರುವಷ್ಟು ನೆಮ್ಮದಿಯೂ ಇಲ್ಲ. ಆದರೆ ಆರೇಳು ಕಾರ್ಡು ನೋಡುವಷ್ಟು ಸಮಯ ಸಿಕ್ಕೇ ಸಿಗುತ್ತದೆ. ನಾನು ಮೊದಲು ಮಾಡಿಕೊಂಡದ್ದು ಬಿಡಿ ಅಕ್ಷರಗಳ ಕಾರ್ಡುಗಳನ್ನಲ್ಲ, ನಾಲಿಗೆಯ ಮೇಲೆ ಆಗಲೇ ಇದ್ದ ಪದಗಳ ಕಾರ್ಡುಗಳನ್ನು. ಉರ್ದುವಿನಲ್ಲಿ ಇಂಗ್ಲಿಷಿನ z ನಂತಹ ಒಂದೇ ಉಚ್ಚಾರಕ್ಕೆ ಜಾಲ್, ಜೇ, ಜ್ವಾದ್, ಜೋಯ್ ಎಂಬ ನಾಲ್ಕು ಅಕ್ಷರಗಳಿವೆ. ಕಾಗಜ್‌ಗೆ ಜಾಲ್, ಜಮೀನಿಗೆ ಜೇ, ಜಿಲ್ಲೆಗೂ ಅರ್ಜಿಗೂ ಜ್ವಾದ್, ನಜರಿಗೆ ಜೋಯ್. ಪಟ್ಟಿ ಮಾಡಿ ಬಾಯಿಪಾಠ ಮಾಡಿದ್ದರೆ ವಾರದೊಳಗೆ ಕಲಸಿಹೋಗುತ್ತಿದ್ದ ಈ ನಾಲ್ಕೂ ದಿನನಿತ್ಯದ ಪದಗಳಿಗೆ ಅಂಟಿಕೊಂಡದ್ದರಿಂದ ನಿಂತವು. ಸಂಜೆ ದರ್ಗಾದ ಕಡೆ ಹೋದಾಗ ಅಂಗಡಿಗಳ ಬೋರ್ಡುಗಳನ್ನು ಓದಿಕೊಂಡು ನಡೆಯುವುದು ಅಭ್ಯಾಸವಾಯಿತು, ಅದರ ಸಂತೋಷವೇ ಬೇರೆ.

ಉತ್ತರ ನೋಡಿದ ಮೇಲೆ ಒತ್ತಲು ‘ಅಗೇನ್’, ‘ಹಾರ್ಡ್’, ‘ಗುಡ್’, ‘ಈಸಿ’ ಎಂಬ ನಾಲ್ಕು ಗುಂಡಿಗಳಿವೆ. ಈ ತಂತ್ರಾಂಶದ ಜೀವಾಳ ಇಲ್ಲಿದೆ. ‘ಹಾರ್ಡ್’ ಎಂದರೆ ಕಷ್ಟಪಟ್ಟಾದರೂ ನೆನಪಾಯಿತು ಎಂದರ್ಥ. ಮರೆತಿದ್ದರೆ ‘ಅಗೇನ್’ ಒಂದೇ ಸರಿ. ಇದನ್ನು ಅರಿಯದೆ ಮರೆತದ್ದಕ್ಕೂ ‘ಹಾರ್ಡ್’ ಒತ್ತುವವರು ಬಹಳ. ಆಗ ಇಡೀ ಲೆಕ್ಕವೇ ತಪ್ಪುತ್ತದೆ. ಇಲ್ಲಿ ಅಂಕ ಕೊಡುವವರಿಲ್ಲ, ಪಕ್ಕದವರೊಡನೆ ಪೈಪೋಟಿಯಿಲ್ಲ, ಬೆನ್ನು ತಟ್ಟುವ ಬಿರುದುಗಳೂ ಇಲ್ಲ. ಯಾರೂ ನೋಡದಿರುವಾಗ ನನಗೆ ಇದು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಶಾಲೆಯ ವಯಸ್ಸಿಗಿಂತ ಈ ವಯಸ್ಸಿಗೆ ಹೆಚ್ಚು ಸಲೀಸು ಎಂಬುದು ನನ್ನ ಅನುಭವ, ಮತ್ತು ದೊಡ್ಡವರು ಕಲಿಯಲಾರರು ಎಂಬ ಮಾತನ್ನು ನಾನು ನಂಬದಿರುವುದಕ್ಕೆ ಅದೇ ಕಾರಣ.

ಆದರೆ ನೆನಪು ಬೇರೆ, ತಿಳಿವಳಿಕೆ ಬೇರೆ. ಹಳೆಯ ದಾಖಲೆಗಳಲ್ಲಿ ಇಸವಿ ಇರುವುದು ಫಸಲಿಯಲ್ಲಿ, ಅಂದರೆ ಆಗಿನ ಕಂದಾಯದ ವರ್ಷಗಣನೆಯಲ್ಲಿ. 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ ಎಂದು ಕಾರ್ಡು ಮಾಡಿಕೊಳ್ಳುವುದು ಸುಲಭ. ಹೈದರಾಬಾದಿನ ಫಸಲಿ ವರ್ಷ ಆಜುರ್ ಮಾಸದಿಂದ, ಅಂದರೆ ಅಕ್ಟೋಬರ್ ಮೊದಲ ವಾರದಿಂದ ಆರಂಭವಾಗುತ್ತಿತ್ತು. ಆದ್ದರಿಂದ ಫಸಲಿ 1345 ಎಂದರೆ 1935ರ ಅಕ್ಟೋಬರಿನಿಂದ ಮರುವರ್ಷದ ಅಕ್ಟೋಬರ್ ತನಕ. ಪತ್ರವಾದದ್ದು ಜನವರಿಯಲ್ಲಿ ಅಥವಾ ಅದರ ನಂತರದ ತಿಂಗಳಲ್ಲಾದರೆ ಕೂಡಿಸಬೇಕಾದದ್ದು 591. ಮಾಸವನ್ನು ಕೇಳದ ಕಾರ್ಡು ಎಷ್ಟು ಚೆನ್ನಾಗಿ ನೆನಪಿದ್ದರೂ ವಾಯಿದೆಯ (ದಾವೆ ಹೂಡಲು ಇರುವ ಕಾಲಮಿತಿಯ) ಲೆಕ್ಕದಲ್ಲಿ ಕೈಕೊಡುತ್ತದೆ. ವಿಷಯವನ್ನು ಪೂರ್ತಿ ಅರಿತುಕೊಂಡ ಮೇಲಷ್ಟೇ ಕಾರ್ಡು ಬರೆಯಬೇಕೆಂಬ ನಿಯಮವನ್ನು ನಾನು ಪಾಲಿಸಿಕೊಂಡು ಬಂದದ್ದು ಇದೇ ಕಾರಣಕ್ಕೆ.

ಇನ್ನೊಂದು ಮಿತಿ ಕೈಬರಹದ್ದು. ಉರ್ದು ಅಚ್ಚಿನಲ್ಲಿ ಕಾಣುವ ನಸ್ತಾಲೀಕ್ ಶೈಲಿಯನ್ನು ಓದಲು ಬಂದವರಿಗೂ ಶಿಕಸ್ತಾ ಎಂಬ ಅವಸರದ ಕೈಬರಹ ತಕ್ಷಣ ಒಲಿಯುವುದಿಲ್ಲ. ಅದರಲ್ಲಿ ಚುಕ್ಕಿಗಳು ಬಿಟ್ಟುಹೋಗಿರುತ್ತವೆ, ಕೂಡಬಾರದ ಅಕ್ಷರಗಳು ಕೂಡಿಕೊಂಡಿರುತ್ತವೆ. ಅದನ್ನು ಕಲಿಸಿದವರು ಅರ್ಜಿ ಬರೆದುಕೊಡುವ ವೃತ್ತಿಯಲ್ಲಿ ಬಾಳು ಸವೆಸಿದ ಹಿರಿಯರು, ನಾವೆಲ್ಲ ಚಾಚಾ ಎಂದು ಕರೆಯುವವರು. “ಚುಕ್ಕಿ ಹುಡುಕಬ್ಯಾಡ್ರಿ ವಕೀಲಮ್ಮಾ, ಕೈ ಯಾವ ಕಡೆ ಹೋಗ್ಯದ ನೋಡ್ರಿ” ಎಂದು ಅವರು ಕ್ರಯಪತ್ರದ ಮೇಲೆ ಬೆರಳಾಡಿಸಿ ತೋರಿಸಿದ ಗೆರೆಯನ್ನು ಯಾವ ತಂತ್ರಾಂಶವೂ ತಾನಾಗಿ ತೋರಿಸದು. ಅವರು ತೋರಿಸಿದ್ದನ್ನು ಉಳಿಸಿಕೊಳ್ಳಲು ಮಾತ್ರ ಆಂಕಿ ಚೆನ್ನಾಗಿ ಒದಗಿತು: ದಾಖಲೆಯ ಒಂದು ಸಾಲಿನ ಫೋಟೋ ತೆಗೆದು, ಒಂದೊಂದೇ ಪದವನ್ನು ಮುಚ್ಚಿಟ್ಟು ಪ್ರಶ್ನೆ ಮಾಡುವ ಸೌಲಭ್ಯ 2023ರ ಆವೃತ್ತಿಯಿಂದ ಅದರಲ್ಲೇ ಇದೆ. ಫೋನು, ಕಂಪ್ಯೂಟರುಗಳ ನಡುವೆ ಸಿಂಕ್ ಮಾಡಿದಾಗ ಕಾರ್ಡುಗಳು ಆಂಕಿಯ ಸರ್ವರ್ ಕಂಪ್ಯೂಟರಿಗೂ ಹೋಗುವುದರಿಂದ ಕಕ್ಷಿದಾರರ ಹೆಸರು, ಸರ್ವೆ ನಂಬರು ಇರುವ ಭಾಗವನ್ನು ಕತ್ತರಿಸಿಯೇ ಫೋಟೋ ಸೇರಿಸುತ್ತೇನೆ. ವೃತ್ತಿಯಲ್ಲಿರುವವರು ಇದನ್ನು ಮರೆಯಬಾರದು.

ಕೊರತೆಗಳೂ ಇವೆ. ಸೆಟ್ಟಿಂಗುಗಳ ಪುಟ ಹೊಸಬರನ್ನು ಕಂಗೆಡಿಸುತ್ತದೆ. ನಸ್ತಾಲೀಕ್ ಫಾಂಟನ್ನು ನಾವೇ ಸೇರಿಸಿಕೊಳ್ಳಬೇಕಾಗಬಹುದು. ಎಲ್ಲಕ್ಕಿಂತ ಹೆಚ್ಚಿನದು ಬಾಕಿಯ ಭಾರ: ಮನೆಯಲ್ಲಿ ಮದುವೆ, ಕಾಯಿಲೆ ಎಂದು ಕೆಲವು ದಿನ ಬಿಟ್ಟರೆ ನೂರಾರು ಕಾರ್ಡುಗಳು ಒಟ್ಟಿಗೆ ಕಾದಿರುತ್ತವೆ. ದಿನಕ್ಕೆ ಇಪ್ಪತ್ತು ಹೊಸ ಕಾರ್ಡು ಎಂಬ ಮೊದಲ ಹೊಂದಾಣಿಕೆ ಸಂಸಾರವಿರುವವರಿಗೆ ಹೆಚ್ಚೇ. ಐದಕ್ಕೆ ಇಳಿಸಿಕೊಂಡರೆ ಉಸಿರಾಡಬಹುದು. 2023ರಲ್ಲಿ ಸೇರಿದ ಎಫ್‌ಎಸ್‌ಆರ್‌ಎಸ್ ಎಂಬ ಲೆಕ್ಕಕ್ರಮ ನಮ್ಮದೇ ಉತ್ತರಗಳ ಇತಿಹಾಸ ನೋಡಿ ಅಂತರ ನಿಗದಿ ಮಾಡುತ್ತದೆ. ಅದನ್ನು ಆನ್ ಮಾಡಿಕೊಂಡ ಮೇಲೆ ನನ್ನ ದಿನದ ಹೊರೆ ಕಡಿಮೆಯಾಗಿದೆ.

ಈಗ ನಾನು ಕ್ರಯಪತ್ರವನ್ನು ಮೊದಲು ಸ್ವತಃ ಓದಿ, ಆಮೇಲೆ ಅನುವಾದದೊಡನೆ ಹೋಲಿಸಿ ನೋಡುತ್ತೇನೆ. ಸಂಶಯ ಉಳಿದಲ್ಲಿ ಚಾಚಾರ ಮನೆಗೆ ಹೋಗುತ್ತೇನೆ. ಜೂನಿಯರ್ ವಕೀಲರು ನನ್ನ ಕಾರ್ಡುಗಳ ಕಟ್ಟನ್ನು ಕೇಳುತ್ತಿರುತ್ತಾರೆ. ಅಕ್ಷರಗಳ ಮತ್ತು ಫಸಲಿ ಮಾಸಗಳ ಕಟ್ಟನ್ನು ಸಂತೋಷದಿಂದ ಕೊಡುತ್ತೇನೆ. ದಾಖಲೆಗಳ ಪದಗಳ ಕಟ್ಟನ್ನು ಕೊಡುವುದಿಲ್ಲ. ಅದನ್ನು ಅವರವರ ಫೈಲಿನ ಕಾಗದದಿಂದ, ಅರ್ಥ ಕೇಳಿ ತಿಳಿದುಕೊಂಡು, ಅವರೇ ಮಾಡಿಕೊಳ್ಳಬೇಕು.